ಸೇನಾಪತಿಯ ಬಾತುಕೋಳಿ

“ಲೋ ವೆಲ್ಡರ್, ನಿನ್ನ ಮುಖಕ್ಕೆ ಸಿಂಹ ಬೇರೆ ಕೇಡು! ಬಾತುಕೋಳಿ ಬಂದಿದೆ ನೋಡೋ, ಬಾತುಕೋಳಿ!”

ಸೂಪರ್‌ವೈಸರ್ ಹೀಗೆ ಕೂಗಿದ್ದು ಇಡೀ ಬಸ್ ಡಿಪೋದ ಎದುರಿಗೆ. ಟೈರಿನ ರಾಶಿಯ ಮೇಲೆ ಕೂತಿದ್ದವರು ನಕ್ಕ ರಭಸಕ್ಕೆ ಒಂದು ಟೈರು ಉರುಳಿಕೊಂಡು ಗೇಟಿನವರೆಗೂ ಹೋಯಿತು.

ಡಿಪೋದಲ್ಲಿ ವರ್ಷಕ್ಕೊಂದು ನಾಟಕ. ಆ ದಿನ ಬೆಳಿಗ್ಗೆ ‘ಕಾವಲು ಕರೆಯುವುದು’ ಅಂತ ಒಂದು ಪದ್ಧತಿ. ಪಾತ್ರಧಾರಿ ರಿಪೇರಿ ಗುಂಡಿಯ ಅಂಚಿನಲ್ಲಿ ನಿಂತು ತನ್ನ ಮೊದಲ ಮಾತನ್ನು ಹೇಳಬೇಕು. ಆ ಪಾತ್ರವನ್ನು ಕಾಯುವ ಪ್ರಾಣಿ ಗುಂಡಿಯಿಂದ ಬೆಳ್ಳನೆ ಹೊಗೆಯಂತೆ ಎದ್ದು ಬಂದು, ಪಾತ್ರ ಬದುಕಿರುವಷ್ಟು ಹೊತ್ತೂ ಪಕ್ಕದಲ್ಲಿರುತ್ತದೆ. ರಾಣಿಗೆ ಚಿರತೆ ಬಂತು. ಮಂತ್ರಿಗೆ ಉಡ. ಸೇನಾಪತಿಯಾದ ವೆಲ್ಡರ್ “ಎಲೈ ಶತ್ರುವೇ!” ಎಂದು ಗರ್ಜಿಸಿದ. ಬಾತುಕೋಳಿಯೊಂದು ತೊನೆಯುತ್ತ ಮೇಲೆ ಬಂದು ಅವನ ಬೂಟಿನ ಹಿಂದೆ ಅಡಗಿತು.

“ಸಂಜೆಯೊಳಗೆ ಮರ್ಯಾದಸ್ಥ ಪ್ರಾಣಿ ತರ್ತೀಯೋ, ಇಲ್ಲ ಪಾರ್ಟು ಪೇಂಟರ್‌ಗೆ ಕೊಡ್ಲೋ?” ಎಂದ ಸೂಪರ್‌ವೈಸರ್.

ನಾಟಕಕ್ಕೆ ವೆಲ್ಡರ್‌ನ ಅತ್ತೆ ಬರುವವಳಿದ್ದಳು. “ನಿನ್ ಗಂಡ ಮನೇಲಿದ್ರೂ ಒಂದೇ, ಇಲ್ದಿದ್ರೂ ಒಂದೇ ಕಣೆ” ಎಂದು ಮಗಳೆದುರು ಆಡಿಕೊಳ್ಳುವ ಅದೇ ಅತ್ತೆ. ನಾನೂ ಇದ್ದೇನೆ ಎಂದು ತೋರಿಸಲಿಕ್ಕೇ ಅವಳಿಗೆ ಮುಂದಿನ ಸಾಲಿನ ಕುರ್ಚಿ ಹಿಡಿದಿಟ್ಟಿದ್ದ.

ಬುದ್ಧಿ ಹೇಳುವವರಿಗೇನು ಬರವೇ? “ಎದೆ ಉಬ್ಸು ಗುರೂ” ಅಂದ ಡ್ರೈವರ್. ಉಬ್ಬಿಸಿದ. ಬಾತುಕೋಳಿಯೂ ಉಬ್ಬಿಸಿತು. “ಮೀಸೆ ಸಾಲ್ದು” ಎಂದು ಪೇಂಟರ್ ಬಸ್ಸಿಗೆ ಬಳಿಯುವ ಬಣ್ಣದಲ್ಲೇ ಕಿವಿಯವರೆಗೆ ಮೀಸೆ ಎಳೆದ. ಎರಡನೇ ಬಾತುಕೋಳಿ ಬಂತು. “ಸಿಟ್ಟು ಬರ್ಬೇಕಷ್ಟೇ” ಎಂದು ಕಂಡಕ್ಟರ್ ಅವನ ಕಾಲು ತುಳಿದ. ವೆಲ್ಡರ್ ಅರಚಿದ ಅಬ್ಬರಕ್ಕೆ ಎರಡೂ ಗಾಬರಿಯಾಗಿ ಅಲ್ಲೇ ಮೊಟ್ಟೆ ಇಟ್ಟವು.

ನಾಟಕ ಬರೆದ ಟೈಮ್‌ಕೀಪರ್ ಅಷ್ಟು ಹೊತ್ತೂ ಬನ್ನು ತಿನ್ನುತ್ತಿದ್ದ. “ಅದು ನಿನ್ ಕೋಳಿ ಅಲ್ಲಪ್ಪ. ಪಾತ್ರದ್ದು. ಸೇನಾಪತಿ ಮೂರನೇ ಸೀನಲ್ಲಿ ಹಿಟ್ಟಿನ ಡ್ರಮ್ಮಲ್ಲಿ ಅಡಗ್ತಾನಲ್ಲ.”

“ಇದನ್ನ ಬೆಳಿಗ್ಗೇನೇ ಬೊಗಳೋಕೆ ಏನಾಗಿತ್ರೀ?” ವೆಲ್ಡರ್‌ನ ಮೀಸೆ ನಡುಗಿತು. “ಹೇಡೀನ ಬರ್ದಿದ್ದು ನೀವು, ಉಗಿಸ್ಕೊಂಡಿದ್ದು ನಾನು! ತಿದ್ರೀ ಅದನ್ನ. ಧೀರ ಅಂದ್ರೆ ಧೀರನ್ನ ಬರೀರಿ!”

ಟೈಮ್‌ಕೀಪರ್ ಕೈ ಒರೆಸಿಕೊಂಡು ಬರೆದ. ವೆಲ್ಡರ್ ಮತ್ತೆ ಗುಂಡಿಯ ಅಂಚಿಗೆ ಹೋಗಿ ಬಾಯಿ ತೆರೆದದ್ದೇ ತಡ, ಮಿನಿಬಸ್ಸಿನಷ್ಟು ದೊಡ್ಡ ಸಿಂಹ ಎದ್ದು ಬಂತು. ಸೂಪರ್‌ವೈಸರ್ ಟೈರಿನೊಳಗೆ ತೂರಿಕೊಂಡವನು ಹೊರಗೆ ಬರಲಿಲ್ಲ, ನಾಲ್ವರು ಎಳೆಯಬೇಕಾಯಿತು.

ಸಂಜೆ ಪರದೆ ಎದ್ದಿತು. ಮುಂದಿನ ಕುರ್ಚಿ ಇನ್ನೂ ಖಾಲಿ. ಬಂದಾರು ಬಿಡು, ಇಡೀ ನಾಟಕವೇ ಇದೆಯಲ್ಲ ಎಂದುಕೊಂಡು ಸೇನಾಪತಿ ಸಿಂಹದೊಂದಿಗೆ ಶತ್ರುಗಳ ಮೇಲೆ ನುಗ್ಗಿದ. ಜನ ಎದ್ದು ಸಿಳ್ಳೆ ಹೊಡೆದರು.

“ಬೀಳು, ಸತ್ತೆ!” ಪಕ್ಕದ ಪರದೆಯಿಂದ ಟೈಮ್‌ಕೀಪರ್ ಪಿಸುಗುಟ್ಟಿದ.

“ಈಗ್ಲೇನಾ?”

“ಧೀರ ಅಲ್ವಾ? ಎಲ್ರಿಗಿಂತ ಮುಂದೆ ನುಗ್ಗಿದ, ಎಲ್ರಿಗಿಂತ ಮುಂಚೆ ಹೋದ. ಹೇಡಿಯಾಗಿದ್ರೆ ಕೊನೇ ಸೀನ್‌ವರೆಗೂ ಬದುಕ್ತಿದ್ದ. ಬೀಳಯ್ಯ!”

ಬಿದ್ದ. ಸಿಂಹ ಆವಿಯಾಯಿತು. ಇಬ್ಬರು ಸೈನಿಕರು ಬಂದು ಅವನ ಮೇಲೆ ಟಾರ್ಪಾಲು ಹೊದೆಸಿದರು. ಅಷ್ಟರಲ್ಲಿ, ನಲ್ಲಿ ನಿಲ್ಲಿಸಿದ್ದೆವೋ ಇಲ್ಲವೋ ಎಂದು ಎರಡು ಸಲ ಮನೆಗೆ ವಾಪಸು ಹೋಗಿದ್ದ ಅತ್ತೆ, ಮಗಳ ಕೈ ಹಿಡಿದು ಬಂದು ಕೂತಳು. ಟೈಮ್‌ಕೀಪರ್ ತಿದ್ದಿದ ನಾಟಕದಲ್ಲಿ ಸೇನಾಪತಿಯ ಉಳಿದ ಮಾತುಗಳೆಲ್ಲ ಡ್ರಮ್ಮಿನ ಸಮೇತ ಅಡುಗೆಯವನ ಪಾತ್ರಕ್ಕೆ ಹೋಗಿದ್ದವು. ಅಡುಗೆಯವ ಪೇಂಟರ್. ಮಾತುಮಾತಿಗೂ ಚಪ್ಪಾಳೆ. ಡೀಸೆಲ್ ನಾತದ ಟಾರ್ಪಾಲಿನಡಿ ವೆಲ್ಡರ್ ಸೀನು ತಡೆದುಕೊಂಡು ಎಲ್ಲವನ್ನೂ ಕೇಳಿದ.

ನಾಟಕ ಮುಗಿದ ಮೇಲೆ ಅತ್ತೆ ಎಲ್ಲರೆದುರೇ ಕೇಳಿದಳು: “ಏನು ಅಳಿಯಂದ್ರೇ, ಸೇನಾಪತಿ ಅಂದ್ರಿ, ಒಂದ್ಸಲಾನೂ ಕಾಣ್ಲೇ ಇಲ್ವಲ್ಲ? ಹೋಗ್ಲಿ ಬಿಡಿ. ಸ್ಟೇಜ್ ಮಧ್ಯೆ ಅದ್ಯಾವ್ದೋ ಮೂಟೆ ಬಿದ್ದಿತ್ತಲ್ಲ, ಅದನ್ನಾದ್ರೂ ಆಚೆ ಎತ್ತಿಡೋಕಾಗ್ಲಿಲ್ವಾ ನಿಮಗೆ?”

ವೆಲ್ಡರ್ ಹೆಂಡತಿಯ ಮುಖ ನೋಡಿದ. ಅವಳೂ ಉತ್ತರಕ್ಕೇ ಕಾಯುತ್ತಿದ್ದಳು. ಅವನು ಸೇನಾಪತಿಯ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಗೇಟಿನತ್ತ ನಡೆದುಬಿಟ್ಟ.