ನಮ್ಮ ಮಡಿ ಕಾರು

ನನಗೊಂದು ದುರಭ್ಯಾಸವಿದೆ. ಕುಡಿತ, ಇಸ್ಪೀಟು ಮುಂತಾದ ಮರ್ಯಾದಸ್ಥ ದುರಭ್ಯಾಸಗಳಲ್ಲ; ಅವಕ್ಕೆ ಬೇಕಾದ ಧೈರ್ಯ ನನ್ನಲ್ಲಿಲ್ಲ. ನನ್ನದು ತಯಾರಿಯ ಚಟ. ಬಲ್ಮಠದ ಕಚೇರಿಗೆ ಹೋಗುವಾಗಲೂ ನನ್ನ ಚೀಲದಲ್ಲಿ ಸೂಜಿ, ನೂಲು, ಜ್ವರದ ಮಾತ್ರೆ, ಇನ್ನೊಂದು ಜೊತೆ ಚಪ್ಪಲಿ ಇರುತ್ತಿದ್ದವು. ಚಪ್ಪಲಿ ಕಿತ್ತುಹೋಗುವ ದಿನ ಮಾತ್ರ ಚೀಲ ಮನೆಯಲ್ಲಿ ಉಳಿದಿರುತ್ತಿತ್ತು. ನನ್ನ ಮದುವೆಗೆ ನಾನೇ ತಡವಾಗಿ ತಲುಪಿದವನು. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ನಿಂತುಬಿಟ್ಟಿದ್ದೆ. ಹೆಂಡತಿ ಇದನ್ನು ಹೇಳಿ ಊರನ್ನೆಲ್ಲ ನಗಿಸಿದ್ದಾಳೆ. ಆದರೆ ಈ ಚಟದಿಂದ ಒಬ್ಬರಿಗೆ ನಾನು ಮಾಡಿದ ಅನ್ಯಾಯವಿದೆ. ಅದನ್ನು ನೆನೆದರೆ ನನಗೆ ಇಂದಿಗೂ ದುಃಖವಾಗುತ್ತದೆ.

ಆ ಒಬ್ಬರು ನನ್ನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಕಾವೂರಿನ ನಮ್ಮ ಮನೆಯಲ್ಲಿ ಅವಳ ಮಡಿಯದೇ ಒಂದು ರಾಜ್ಯಭಾರ. ಅವಳ ನೀರಿನ ಕೊಡಪಾನ ಬೇರೆ, ಒಲೆ ಬೇರೆ, ಸೀರೆ ಒಣಗುವ ಕೋಲು ಬೇರೆ. ಶಾಲೆಯ ಬಟ್ಟೆಯಲ್ಲಿ ಮಕ್ಕಳು ಹತ್ತಿರ ಸುಳಿದರೆ ಪುನಃ ಸ್ನಾನ. ಅವಳ ತಿರುಗಾಟವೆಂದರೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನ ಚಿಕ್ಕಮ್ಮನ ಮನೆಗೆ ಹೋಗಿಬರುವುದು, ಬಂದು ಸ್ನಾನ ಮಾಡುವುದು, ಅಷ್ಟೇ. ಅಂಥ ಒಂದು ಪ್ರಯಾಣದಲ್ಲಿ ಸೇತುವೆಯ ಮೇಲೆ ಅವಳು ನನಗೆ ಹೇಳಿದಳು: "ಮಾಣಿ, ಈ ಹೊಳೆ ಇಲ್ಲಿ ಇಷ್ಟು ದೊಡ್ಡದುಂಟಲ್ಲ, ಹುಟ್ಟುವಲ್ಲಿ ಎಷ್ಟು ಸಣ್ಣದಿರಬಹುದು? ಒಮ್ಮೆ ನೋಡ್ಬೇಕಿತ್ತು ಮಾರಾಯ."

ಅಕ್ಕ ಜೀವಮಾನದಲ್ಲಿ ನನ್ನ ಹತ್ತಿರ ಕೇಳಿದ್ದು ಅದೊಂದನ್ನೇ. ನೋಡಿಸಲೇಬೇಕೆಂದು ನಿಶ್ಚಯಿಸಿದೆ. ಅಷ್ಟಕ್ಕೇ ನಿಲ್ಲಿಸಿ ಮರುದಿನ ಬಸ್ಸು ಹತ್ತಿಸಿದ್ದರೆ ಈ ಪ್ರಬಂಧ ಬರೆಯುವ ಕೆಲಸ ತಪ್ಪುತ್ತಿತ್ತು. ಆದರೆ ಹೊಳೆ ಹುಟ್ಟುವುದು ಚಾರ್ಮಾಡಿಯ ಕಡೆಯ ಕಾಡಿನಲ್ಲಿ. ಡಾಮರು ಬಿಟ್ಟು ಮಣ್ಣಿನ ದಾರಿಯಲ್ಲಿ ಹೋಗಬೇಕು. ಕತ್ತಲಾದರೆ ರಾತ್ರಿ ಅಲ್ಲೇ ತಂಗಬೇಕು. ಆ ದಿನಗಳಲ್ಲೇ ಕಚೇರಿಯ ಸ್ನೇಹಿತರೊಬ್ಬರು ವಿದೇಶದ ಹಳೆಯ ಪತ್ರಿಕೆಯೊಂದನ್ನು ತೋರಿಸಿದ್ದರು. ಅದರಲ್ಲಿ ಒಂದು ಸಂಸಾರ ಕಾಡಿನ ನಡುವೆ ಕಾರು ನಿಲ್ಲಿಸಿ, ಅದರಲ್ಲೇ ಅಡುಗೆ ಮಾಡಿ, ಅದರಲ್ಲೇ ಮಲಗಿ, ಹಲ್ಲು ಕಿರಿಯುತ್ತಿತ್ತು. ನನ್ನ ತಲೆಗೆ ಹುಳ ಹೊಕ್ಕಿತು. ಟ್ಯಾಕ್ಸಿಯಾಗಿ ಬಹುಕಾಲ ದುಡಿದು ಸುಸ್ತಾಗಿದ್ದ ಅಂಬಾಸಿಡರ್ ಕಾರೊಂದು ಅಗ್ಗಕ್ಕೆ ಸಿಕ್ಕಿತು, ಕೊಂಡೆ.

ಆ ಪತ್ರಿಕೆಯ ಸಂಸಾರಕ್ಕೆ ಮಡಿ ಇರಲಿಲ್ಲ. ನಮಗೆ ಇತ್ತು. ಹಾಗಾಗಿ ನನ್ನ ತಯಾರಿ ಅವರಿಗಿಂತ ಒಂದು ಕೈ ಮೇಲೆಯೇ ಆಗಬೇಕಾಯಿತು. ಹಿಂದಿನ ಸೀಟಿನ ಅರ್ಧ ಕಿತ್ತು, ಅಲ್ಲಿ ಆಚಾರಿಯಿಂದ ಹಲಸಿನ ಹಲಗೆಯ ಪೆಟ್ಟಿಗೆ ಮಾಡಿಸಿದೆ: ಒಂದು ಖಾನೆಯಲ್ಲಿ ಅಕ್ಕನಿಗೆಂದು ಹೊಸ ಪಂಪ್ ಸ್ಟವ್, ಇನ್ನೊಂದರಲ್ಲಿ ಹೊಸ ಪಾತ್ರೆ, ಮತ್ತೊಂದರಲ್ಲಿ ಅಕ್ಕಿ ಬೇಳೆ. ಮಡಿನೀರಿನ ಕೊಡಪಾನ ಯಾರಿಗೂ ತಾಗದಂತೆ ಕೂರಲು ಕಬ್ಬಿಣದ ಬಳೆ, ಮಡಿಸೀರೆ ನೇತುಹಾಕಲು ಕಾರಿನ ಮಾಡಿನ ಕೆಳಗೆ ಒಂದು ಬೆತ್ತ, ಮೇಲೆ ಕ್ಯಾರಿಯರು, ಟಾರ್ಪಾಲು, ಚಾಪೆ, ಹಾರೆ. ಭಾರಕ್ಕೆ ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟು ಹೆಚ್ಚು ಹಾಕಿದ ಗ್ಯಾರೇಜಿನ ಮೋನಪ್ಪ, "ಭಟ್ರೇ, ಇದು ಕಾರಾ, ಮಠದ ಅಡುಗೆಕೋಣೆಯಾ?" ಎಂದು ಕೇಳಿದ. ನಾನು ಅದನ್ನು ಹೊಗಳಿಕೆಯೆಂದೇ ತಿಳಿದು ಬೀಗಿದೆ. ಇದರಲ್ಲೇ ಎರಡು ವರ್ಷ ಕಳೆಯಿತು. ಅಕ್ಕ ಆಗಾಗ ಜಗಲಿಗೆ ಬಂದು, "ಆಯ್ತಾ ಮಾಣಿ?" ಎನ್ನುತ್ತಿದ್ದಳು. "ಇನ್ನೇನು, ಸ್ವಲ್ಪ ಉಂಟು" ಎನ್ನುತ್ತಿದ್ದೆ. ಅವಳಿಗೆ ಮೆಟ್ಟಿಲೇರಿದರೆ ಉಬ್ಬಸ ಬರಲು ಶುರುವಾದದ್ದು ಆಗಲೇ.

ಕೊನೆಗೂ ಪಂಚಾಂಗ ನೋಡಿ ದಿನ ಇಟ್ಟೆ. ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಇನ್ನೇನು ರಾಹುಕಾಲ ಬರುವ ಮುಂಚೆ ಗೇಟು ದಾಟಬೇಕು. ಚಾಲಕನ ಸ್ಥಾನದಲ್ಲಿ ನಾನು, ಪಕ್ಕದಲ್ಲಿ ಹೆಂಡತಿ, ಹಿಂದೆ ಉಳಿದ ಅರ್ಧ ಸೀಟಿನಲ್ಲಿ ಮಕ್ಕಳಿಬ್ಬರು. ಅಕ್ಕ ಒಗೆದ ಸೀರೆಯುಟ್ಟು, ಕೈಯಲ್ಲಿ ಒಂದು ಸಣ್ಣ ಗಂಟು ಹಿಡಿದು ಬಂದಳು. ಇಳಿದು ಹಿಂದಿನ ಬಾಗಿಲು ತೆರೆದೆ. ಆಗ ನನಗೆ ಹೊಳೆಯಿತು. ಯಾರನ್ನೂ ಮುಟ್ಟದಂತೆ ಅಕ್ಕ ಕೂರಬೇಕಾದ ಜಾಗದಲ್ಲಿ ಅಕ್ಕನ ಮಡಿಯೇ ಕೂತಿತ್ತು.

ಇಳಿಸಬಹುದಿತ್ತು. ಆದರೆ ಪೆಟ್ಟಿಗೆಯನ್ನು ಬೋಲ್ಟು ಹಾಕಿ ಬಿಗಿದಿದ್ದೆ, ನೆರೆಹೊರೆಯವರು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು, ರಾಹುಕಾಲಕ್ಕೆ ಹತ್ತು ನಿಮಿಷ. ನಾನು ತಡವರಿಸಿದೆ: "ಅಕ್ಕಾ, ಇದು ಬರೀ ಟ್ರಯಲ್. ಗಾಡಿ ತಡೆಯುತ್ತದಾ ನೋಡಿ ಬರ್ತೇವೆ. ಮುಂದಿನ ಸಲ ನಿನ್ನನ್ನೇ ಮೊದಲು ಕೂರಿಸ್ತೇನೆ." ಹೆಂಡತಿ, "ಎಂತ ಮಾತು ನಿಮ್ಮದು! ನಾನು ಇಳೀತೇನೆ" ಎಂದಳು. ಅಕ್ಕ ಅವಳನ್ನು ತಡೆದಳು. "ಬೇಡ ಮಾರಾಯ್ತಿ, ಹೊತ್ತಾಯ್ತು. ಹೋಗಿ ಬನ್ನಿ. ಹೊಳೆ ಎಷ್ಟು ಅಗಲ ಉಂಟು ಅಂತ ಮಾತ್ರ ಸರಿಯಾಗಿ ನೋಡಿಕೊಂಡು ಬಾ ಮಾಣಿ."

ಮಣ್ಣಿನ ದಾರಿಗೆ ಇಳಿದು ಅರ್ಧ ಮೈಲಿಯೊಳಗೆ ಕಾರು ತನ್ನ ಭಾರಕ್ಕೇ ಹೂತುಹೋಯಿತು. ಹಾರೆ ಇತ್ತಲ್ಲ, ಅಗೆದೆ. ಪೆಟ್ಟಿಗೆ ಬಿಚ್ಚಿ ಇಳಿಸಿದೆ, ಪುನಃ ಹೇರಿದೆ. ಮಕ್ಕಳು ಅಳತೊಡಗಿದರು. ಹೊಳೆಯ ಸದ್ದೂ ಕೇಳಲಿಲ್ಲ. ಅಲ್ಲಿಂದಲೇ ತಿರುಗಿ ಸಂಜೆಗೆ ಮನೆ ಸೇರಿದೆವು.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಇಳಿಸುತ್ತಿದ್ದ ಸಾಮಾನು ನೋಡಿ, "ಇದೆಲ್ಲ ಯಾರಿಗೆ?" ಎಂದಳು. "ನಿನ್ನ ಮಡಿಗೆ ಅಕ್ಕಾ." ಅವಳು ಪಂಪ್ ಸ್ಟವ್ ಎತ್ತಿ ಜಗಲಿಯಲ್ಲಿಟ್ಟಳು. ಮತ್ತೆ, "ಕಾಡಿನಲ್ಲಿ, ಹೊಳೆಯ ಬದಿಯಲ್ಲಿ ಎಂತದು ಮಡಿ ಮಾರಾಯ? ಕಲ್ಲಿನ ಮೇಲೆ ಮಕ್ಕಳ ಜೊತೆ ಕೂತು ಅವಲಕ್ಕಿ ತಿನ್ನುವ ಅಂತ ಇದ್ದೆ. ಒಂದು ಮಾತು ನನ್ನ ಹತ್ತಿರ ಕೇಳಬಾರದಿತ್ತಾ?" ಎಂದಳು. ಎರಡು ವರ್ಷದಲ್ಲಿ ಮೋನಪ್ಪನನ್ನು ಕೇಳಿದ್ದೆ, ಆಚಾರಿಯನ್ನು ಕೇಳಿದ್ದೆ, ಪಂಚಾಂಗವನ್ನು ಕೇಳಿದ್ದೆ. ಅವಳನ್ನು ಕೇಳಿರಲಿಲ್ಲ.

"ಇರಲಿ. ಹೊಳೆ ಎಷ್ಟು ಅಗಲ ಉಂಟು?"

ನೋಡಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಎರಡೂ ಕೈ ಒಂದು ಗೇಣಿನಷ್ಟು ದೂರ ಹಿಡಿದು, "ಇಷ್ಟೇ ಅಕ್ಕಾ" ಎಂದೆ. ಅವಳ ಮುಖ ಅರಳಿತು.

ಆ ಮಳೆಗಾಲದಲ್ಲಿ ಅಕ್ಕ ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ನೋಡಲು ಬಂದವರಿಗೆಲ್ಲ ಕೈಯೆತ್ತಿ ತೋರಿಸುತ್ತಿದ್ದಳು: "ನೇತ್ರಾವತಿ ಹುಟ್ಟುವಾಗ ಇಷ್ಟೇ ಅಂತೆ. ನಮ್ಮ ಮಾಣಿ ಹೋಗಿ ನೋಡಿ ಬಂದಿದ್ದಾನೆ." ಬಂದವರು ನನ್ನತ್ತ ಮೆಚ್ಚುಗೆಯಿಂದ ನೋಡುತ್ತಿದ್ದರು. ನಾನು ಔಷಧದ ಬಾಟಲಿ ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಕಾರು ಮಾರಿ ಬಹಳ ಕಾಲವಾಯಿತು. ಈಗ ಅಲ್ಲಿಗೆ ಹೋಗಿಬರುವುದು ಸುಲಭವೆಂದು ಮಕ್ಕಳು ಹೇಳುತ್ತಾರೆ, ಪ್ರತಿ ರಜೆಗೂ ಕರೆಯುತ್ತಾರೆ. ತಯಾರಿ ಆಗಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನನ್ನ ಚಟ ತಿಳಿದವರಾದ್ದರಿಂದ ನಂಬಿ ನಗುತ್ತಾರೆ. ನನಗೆ ಭಯವಿರುವುದು ಬೇರೆ: ಆ ಹೊಳೆ ಒಂದು ಗೇಣಿಗಿಂತ ಅಗಲವಾಗಿದ್ದರೆ?