ಎರಡು ಮೂಗಿನ ಹೆಂಗಸು

ಗೋವಿಂದರಾಜು ಸಾಹೇಬರ ಹೆಂಡತಿ ಇಂದುಮತಿಯವರು ಚಿತ್ರ ಬರೆಯಲು ಕಲಿತಾಗಿನಿಂದ ನಾಗಪುರದ ಸಿವಿಲ್ ಲೈನ್ಸಿನ ಆ ಸರ್ಕಾರಿ ಕಚೇರಿಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಈ ಭಾನುವಾರ ಹೊಸ ಚಿತ್ರ ನೋಡಲು ಸಾಹೇಬರ ಮನೆಗೆ ಕರೆ ಬಂದದ್ದು ವ್ಯಾಸರಾಜನಿಗೆ. ಅವನ ಹೆಂಡತಿ ಜಯಾ ಹುಬ್ಬಳ್ಳಿಯಲ್ಲಿ ಟೀಚರು. ಇವನು ನಾಗಪುರದಲ್ಲಿ ಒಬ್ಬನೇ ರೊಟ್ಟಿ ಸುಟ್ಟುಕೊಂಡು, ಜೊತೆಗೆ ಬೆರಳನ್ನೂ ಸುಟ್ಟುಕೊಂಡು ದಿನ ನೂಕುತ್ತಿದ್ದ. ಹುಬ್ಬಳ್ಳಿಗೆ ವರ್ಗ ಬೇಡಿ ಕೊಟ್ಟ ಅರ್ಜಿ ಸಾಹೇಬರ ಮೇಜಿನ ಮೇಲೆ ಗೊಡ್ಡೆಮ್ಮೆಯಂತೆ ಮಲಗಿತ್ತು.

"ಚಲೋ ಅದ ಅಂತ ಮಾತ್ರ ಅನ್ನಬ್ಯಾಡ," ಎಂದು ಪಕ್ಕದ ಮೇಜಿನ ಹೃಷಿಕೇಶ ಪಾಠ ಹೇಳಿದ. ನಾಗಪುರದಲ್ಲೇ ಹುಟ್ಟಿ, ಈಗಷ್ಟೇ ಇಲ್ಲಿ ಮನೆ ಕಟ್ಟಿಸಿದವನು. "'ವೇದನಾ' ಅನ್ನು, 'ಮೌನ' ಅನ್ನು. ತಿಳೀಲಿಲ್ಲಂದ್ರ ಜಲ್ದಿ ಕಣ್ಣು ಮುಚ್ಚು. ನಾನೂ ಜೋಡಿ ಬರ್ತೀನಿ ನಡಿ." ಇಂದುಮತಿಯವರ ಕೇಸರಿಬಾತಿನ ಮೇಲೆ ಅವನಿಗೆ ಕಣ್ಣಿತ್ತು.

ಚಿತ್ರದಲ್ಲಿ ಕುರ್ಚಿಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಹೆಂಗಸೆಂದು ಸಾಹೇಬರು ಹೇಳಿದ್ದರಿಂದ ತಿಳಿಯಿತು. ಸೋರೆಕಾಯಿಯಂಥ ಕುತ್ತಿಗೆ, ಒಂದೇ ಕಣ್ಣು, ಎರಡು ಮೂಗು.

ವ್ಯಾಸರಾಜ ಹುಬ್ಬಳ್ಳಿಯ ರೈಲನ್ನು ನೆನೆದು ಕಣ್ಣು ಮುಚ್ಚಿದ. "ವೇದನಾ ರೀ ಮೇಡಮ್. ಕುಂತಾಳ ಖರೆ, ಮನಸ್ಸು ಕುಂತಿಲ್ಲ. ಯಾರದೋ ದಾರಿ ನೋಡಿ ನೋಡಿ ಕುತ್ತಿಗಿ ಉದ್ದ ಆಗೇದ. ಒಂದು ಕಣ್ಣು ಅತ್ತು ಅತ್ತು ಹೋಗೇದ..." ಹೇಳುತ್ತ ಹೇಳುತ್ತ ಜಯಾ ನೆನಪಾಗಿ ಅವನೇ ಮೂಗು ಒರೆಸಿಕೊಂಡ. "ಉಳಿದದ್ದು ಮೌನ," ಎಂದು ಮುಗಿಸಿದ. ಇಂದುಮತಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೀವೇನಂತೀರಿ?" ಎಂದು ಹೃಷಿಕೇಶನ ಕಡೆ ತಿರುಗಿದರು.

ತಾನೇ ಕಲಿಸಿದ ಮಾತೆಲ್ಲ ಗೆಳೆಯನ ಪಾಲಾಗಿತ್ತು. ಹೃಷಿಕೇಶ ಬಾಯಲ್ಲಿದ್ದ ಕೇಸರಿಬಾತು ನುಂಗಿ, "ಎರಡೆರಡು ಮೂಗು... ನೆಗಡಿ ಬಂದ್ರ ಭಾಳ ತ್ರಾಸ ನೋಡ್ರಿ," ಎಂದುಬಿಟ್ಟ.

ಇಂದುಮತಿಯವರು ಅವನ ಮುಂದಿದ್ದ ಕೇಸರಿಬಾತಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಸಾಹೇಬರು ವ್ಯಾಸರಾಜನನ್ನು ಒಳಗೆ ಕರೆದರು. "ಹುಬ್ಬಳ್ಳಿ ಆರ್ಡರ್‌ಗೆ ಸಹಿ ಹಾಕ್ದೆ ಕಣ್ರೀ."

ವ್ಯಾಸರಾಜ ಕೈ ಮುಗಿದ.

"ನಿಮ್ಗಲ್ಲ ರೀ, ಆ ಹೃಷಿಕೇಶಂಗೆ! ಅವ್ನು ಈ ಊರಲ್ಲೇ ಇರಕೂಡ್ದು ಅಂತ ನಮ್ಮ ಇಂದು ಅನ್ನ ಬಿಟ್ಟು ಕೂತಿದ್ಲು. ನಿಮ್ಮನ್ನ ಹೆಂಗ್ರೀ ಬಿಡೋದು? ಅವಳನ್ನ ಅರ್ಥ ಮಾಡ್ಕೊಂಡೋರು ನೀವೊಬ್ರೇ. ನನ್ ಕೈಲೇ ಆಗಿಲ್ಲ. ಇನ್ಮೇಲೆ ಪ್ರತಿ ಭಾನುವಾರ ಬಂದ್ಬಿಡಿ."

ಹೊರಗೆ ಹೃಷಿಕೇಶ ತಲೆಯ ಮೇಲೆ ಕೈಹೊತ್ತು, "ಹೊಸ ಮನಿಗೆ ಇನ್ನೂ ಬಣ್ಣಾ ಸೈತ ಹಚ್ಚಿಲ್ಲೋ ವ್ಯಾಸೂ," ಎಂದು ಅಳುತ್ತಿದ್ದ.

ಮುಂದಿನ ಭಾನುವಾರ ವ್ಯಾಸರಾಜ ಗಟ್ಟಿ ಮನಸ್ಸು ಮಾಡಿ ಹೋದ. ಹೊಸ ಚಿತ್ರದ ಹೆಂಗಸಿಗೆ ಮೂರು ಮೂಗು! ದೇವರೇ ದಾರಿ ತೋರಿಸಿದಂತಾಯಿತು. ಈ ಸಲ ಕಣ್ಣು ಮುಚ್ಚದೆ, "ನೆಗಡಿ ಬಂದ್ರ ಭಾಳ ತ್ರಾಸ ನೋಡ್ರಿ, ಮೇಡಮ್," ಎಂದ.

ಇಂದುಮತಿಯವರು ಚಿತ್ರವನ್ನೊಮ್ಮೆ, ವ್ಯಾಸರಾಜನನ್ನೊಮ್ಮೆ ನೋಡಿದರು. ಆಮೇಲೆ ಗಂಡನ ತೋಳು ಹಿಡಿದು, "ಕೇಳಿದ್ರಾ? ಹೆಂಗಸಿಗೆ ಉಸಿರಾಡೋದೇ ಎಷ್ಟು ಕಷ್ಟ ಅಂತ ಒಂದೇ ಮಾತಲ್ಲಿ ಹೇಳ್ಬಿಟ್ರು!" ಎಂದು ಬಿಕ್ಕಿದರು.

"ರಿಟೈರ್ ಆಗೋವರ್ಗೂ ಇವ್ರನ್ನ ಇಲ್ಲಿಂದ ಕದಲಿಸೋಲ್ಲ, ಸುಮ್ನಿರು," ಎಂದು ಸಾಹೇಬರು ಹೆಂಡತಿಯನ್ನು ಸಮಾಧಾನ ಮಾಡಿ, ವ್ಯಾಸರಾಜನ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತು ಬಡಿಸಿದರು.