ಹಾಡಿಗೆ ಮೊದಲು ಎರಡು ಮಾತು

ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ನನ್ನ ಸಿಟ್ಟು ದವಡೆಯಲ್ಲೇ ನಿಂತಿದ್ದರೆ ಎಷ್ಟೋ ಚೆನ್ನಾಗಿತ್ತು. ಅದು ಮೊಬೈಲಿಗೆ ಇಳಿಯಿತು. ಹೊನ್ನಾವರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಕಣ್ಣು ಕಾಣಿಸುವ ನನಗೆ, ಪೇಪರು ಬಿಡಿಸಿದ ಮೇಲೆ ಮುಂದಿರುವುದೊಂದೂ ಕಾಣುವುದಿಲ್ಲ. ಇದು ನನ್ನ ಹೆಂಡತಿ ಸುಮನಾಳ ಅಭಿಪ್ರಾಯ. ಅವಳ ಅಭಿಪ್ರಾಯಗಳಿಗೆ ಮೇಲ್ಮನವಿ ಸಲ್ಲಿಸುವ ಕೋರ್ಟು ನಮ್ಮ ಮನೆಯಲ್ಲಿಲ್ಲ.

ನಮ್ಮ ಕುಟುಂಬಕ್ಕೊಂದು ವಾಟ್ಸಾಪ್ ಗುಂಪಿದೆ. ಮಿರ್ಜಾನದಲ್ಲಿರುವ ನನ್ನ ಅಕ್ಕ ಅದರ ಯಜಮಾನಿ. ಶನಿವಾರ, ಭಾನುವಾರ ಅಲ್ಲಿ ಹಾಡು ಬಿಟ್ಟರೆ ಬೇರೇನೂ ಇರಕೂಡದೆಂಬುದು ಅವಳ ಕಾನೂನು. ರಾಜಕೀಯ ಇಲ್ಲ, ಕಷಾಯದ ರೆಸಿಪಿ ಇಲ್ಲ, ಹೂವಿನ ಮೇಲೆ ಬರೆದ ಶುಭೋದಯವೂ ಇಲ್ಲ. ಒಬ್ಬೊಬ್ಬರೂ ತಮಗೆ ಇಷ್ಟವಾದ ಹಾಡನ್ನು ತಮ್ಮದೇ ದನಿಯಲ್ಲಿ ಹಾಡಿ ಕಳಿಸಬೇಕು. ನನಗೆ ಹಾಡುವುದಕ್ಕಿಂತ ಹಾಡಿನ ಮೊದಲು ರೇಡಿಯೋದವರಂತೆ ಎರಡು ಮಾತು ಹೇಳುವುದರಲ್ಲಿ ಆಸಕ್ತಿ ಹೆಚ್ಚು. ಗಂಟಲನ್ನು ದೇವರು ಅದಕ್ಕೆಂದೇ ಕೊಟ್ಟಿದ್ದಾನೆ ಎಂದು ನನ್ನ ನಂಬಿಕೆ. ಹಾಡಲಂತೂ ಕೊಟ್ಟಿಲ್ಲ ಎಂಬುದನ್ನು ಕೇಳಿದವರೂ ಒಪ್ಪುತ್ತಾರೆ.

ಆ ಶನಿವಾರ ಬೆಳಿಗ್ಗೆ ಒಂದು ಹಳೆಯ ಹಾಡು ಗುನುಗಿಕೊಂಡು, ಮೈಕಿನ ಗುರುತಿನ ಮೇಲೆ ಹೆಬ್ಬೆರಳಿಟ್ಟು ಕುಳಿತಿದ್ದೆ. ಎದುರಿಗೆ ಪೇಪರು. ಯಾವುದೋ ದೊಡ್ಡ ಕಂಪನಿ ಮುಳುಗಿತಂತೆ, ಬ್ಯಾಂಕುಗಳು ಅದರ ಸಾಲದ ಬಹುಪಾಲನ್ನು ಬಿಟ್ಟುಕೊಟ್ಟವಂತೆ, ಮೇಲಿಂದ ಸರ್ಕಾರ ಪುನಶ್ಚೇತನಕ್ಕೆಂದು ಪ್ಯಾಕೇಜು ಬೇರೆ ಕೊಟ್ಟಿತಂತೆ. ಸಾಲ ಹೀಗೆ ಬಿಡುವುದಕ್ಕೆ ಬ್ಯಾಂಕಿನವರು ಹೇರ್‌ಕಟ್ ಎನ್ನುತ್ತಾರೆ. ತಲೆ ನಮ್ಮದು, ಕತ್ತರಿ ಅವರದು, ಕನ್ನಡಿ ಮುಂದೆ ನಿಂತು ಬೈತಲೆ ತೆಗೆದುಕೊಳ್ಳುವವನು ಮಾತ್ರ ಕಂಪನಿಯ ಧಣಿ. ನಮ್ಮ ಕರಾವಳಿಯ ಮಾವಳ್ಳಿ ಕಡೆ ಮೀನುಗಾರನ ಬಲೆ ಹರಿದರೆ ಅವನೇ ಮರಳಲ್ಲಿ ಕೂತು ಹೆಣೆಯುತ್ತಾನೆ, ಬಲೆಯ ಪುನಶ್ಚೇತನಕ್ಕೆ ಯಾವ ಮಂತ್ರಿಯೂ ಓಡಿ ಬಂದದ್ದಿಲ್ಲ. ನನ್ನ ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲವೆಂದು ದಂಡ ಹಾಕಿದ ಬ್ಯಾಂಕಿಗೆ ಧಣಿಯ ಮುಂದೆ ಅದೆಂಥ ಕರುಣೆ! ನನ್ನ ಮೈ ಉರಿದುಹೋಯಿತು.

ಮೈಕು ಒತ್ತಿ ಶುರು ಮಾಡಿದ ಆ ಎರಡು ಮಾತು ಬೆಳೆಯುತ್ತಾ ಹೋಯಿತು. ಕಂಪನಿಗೆ ಬೈದೆ, ಬ್ಯಾಂಕಿಗೆ ಬೈದೆ, ಪ್ಯಾಕೇಜನ್ನು ಹೊಗಳಿ ಬರೆದ ಪೇಪರಿಗೆ ಬೈದೆ. ಕೊನೆಗೆ, "ಆ ಕಂಪನಿಯ ಅನ್ನ ತಿನ್ನುವವರಿಗೆ ನಾಚಿಕೆ ಆಗ್ಬೇಕು, ಅಂಥವ್ರ ಮನೆಗೆ ಯಾರೂ ಹೆಣ್ಣು ಕೊಡೂದಲ್ಲ" ಎಂದು ತೀರ್ಪು ಕೊಟ್ಟು ಬೆರಳು ತೆಗೆದೆ, ಮಾತು ಗುಂಪಿಗೆ ಹೋಯಿತು. ಹಾಡು ಹಾಡಿರಲೇ ಇಲ್ಲ.

ಐದು ನಿಮಿಷವೂ ಆಗಿರಲಿಲ್ಲ, ಅಕ್ಕನ ಫೋನು ಬಂತು.

"ತಮಾ, ಎಂತ ಹೇಳ್ದೆ ಗೊತ್ತಾ ನಿಂಗೆ? ಬೆಳಕೆ ಬೀಗ್ರನ್ನ ಮೊನ್ನೆನೇ ಗುಂಪಿಗೆ ಸೇರ್ಸಿದ್ದೆ. ಹುಡ್ಗ ಹುಬ್ಬಳ್ಳೀಲಿ ಕೆಲ್ಸ ಮಾಡೂದು ಅದೇ ಕಂಪನೀಲಿ" ಎಂದಳು. ಅಕ್ಕನ ಮಗಳು ಸುಜಾತಾಳ ಮದುವೆ ಬೆಳಕೆ ಊರಿನ ಹುಡುಗನೊಂದಿಗೆ ನಿಶ್ಚಯವಾಗಿತ್ತು. ನಾನು ಅವಳ ಸೋದರಮಾವ. ಮಾತುಕತೆಯ ದಿನ ಅಲ್ಲೇ ಇದ್ದೆ. ಹುಡುಗ ಯಾವ ಕಂಪನಿ ಎಂದು ಕೇಳಬೇಕಾದ ಹೊತ್ತಿನಲ್ಲಿ, ಬೆಳಕೆಯಲ್ಲಿ ಈ ಸಲ ಬಂಗಡೆ ಮೀನು ಹೇಗೆ ಎಂದು ವಿಚಾರಿಸುತ್ತಿದ್ದೆ. ಸುಜಾತಾ ಫೋನು ಕಸಿದುಕೊಂಡು, "ಮಾವಾ, ಅವ್ರು ಬೇಡ ಅಂದ್ರೆ ನಾ ಎಂತ ಮಾಡೂದು?" ಎಂದವಳೇ ಅಳತೊಡಗಿದಳು.

ಮಾತನ್ನು ಅಳಿಸಿಬಿಡೋಣವೆಂದು ಒತ್ತಿದೆ. ಗಡಿಬಿಡಿಯಲ್ಲಿ 'ನನಗೆ ಮಾತ್ರ ಅಳಿಸು' ಎಂಬುದನ್ನು ಒತ್ತಿದ್ದೆನಂತೆ. ಈಗ ನಾನಾಡಿದ ಮಾತು ಮಿರ್ಜಾನದಿಂದ ಬೆಳಕೆಯವರೆಗೆ ಎಲ್ಲರಿಗೂ ಕೇಳುತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ಸುಮನಾ ನನ್ನ ಮುಖವನ್ನೇ ನೋಡುತ್ತಾ, "ಎರಡು ಮಾತು ಮುಗೀತಾ?" ಎಂದಳು.

ಮಧ್ಯಾಹ್ನದವರೆಗೆ ನಾನು ಅಂಗಡಿಗೂ ಹೋಗದೆ ಗೋಡೆ ನೋಡುತ್ತಾ ಕೂತೆ. ಊಟಕ್ಕೆ ಕರೆಯುವ ಹೊತ್ತಿಗೆ ಮೊಬೈಲು ಕುಂಯ್ ಎಂದಿತು. ಬೆಳಕೆಯಿಂದ, ಹುಡುಗನ ಅಜ್ಜಿಯ ದನಿ. ಬಂದರಿನ ದಕ್ಕೆಯಲ್ಲಿ ಮೀನಿನ ಹರಾಜು ಕೂಗಿ ಪಳಗಿದ ಗಂಟಲು. ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿದೆ. ಅಜ್ಜಿ ಹಾಡುತ್ತಿದ್ದಳು.

ಮಾತಿಗೆ ಬರವಿಲ್ಲ, ರಾಗದ ಸುಳಿವಿಲ್ಲ
ಹುಡುಗಿಯ ಸೋದರಮಾವಗೆ, ಬೀಗರೆ
ಬಾಯಿಗೆ ಬೀಗ ತರಲಿಲ್ವೆ

ಹಾಡು ಮುಗಿಸಿ, "ಹೆಣ್ಣಿನ ಬದಿಯವ್ರು ಬೀಗರ ಹಾಡು ಶುರು ಮಾಡ್ದ್ರು, ನಾವು ಸುಮ್ನೆ ಕೂತ್ರೆ ಮರ್ಯಾದೆ ಅಲ್ಲ. ಈಗ ನಿಮ್ಮ ಸರದಿ" ಎಂದಳು. ನಮ್ಮ ಕಡೆಯ ಮದುವೆಗಳಲ್ಲಿ ಎರಡೂ ಬದಿಯ ಹೆಂಗಸರು ಎದುರು ಬದಿಯವರನ್ನು ಹಾಡಿನಲ್ಲಿ ಜರಿಯುತ್ತಾರೆ. ಎಷ್ಟೇ ಜರಿದರೂ ಸಿಟ್ಟಾಗುವಂತಿಲ್ಲ, ಸಿಟ್ಟಾದವನು ಸೋತ ಹಾಗೆ. ಜರಿತಕ್ಕೆ ಹಾಡೇ ಉತ್ತರ. ನಮ್ಮ ಸುಮನಾ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಬೀಗರ ಮೂಗಿನ ಉದ್ದದ ಮೇಲೆ ಒಂದು ನುಡಿ ಕಟ್ಟಿ ಕಳಿಸಿದಳು. ಅಕ್ಕ ಅವರ ದೋಣಿಯ ಮೇಲೆ ಹಾಡಿದಳು. ಸಂಜೆಯವರೆಗೂ ಹಾಡು ಹರಿಯಿತು, ನಡುವೆ ಸುಜಾತಾ ನಗುವುದೂ ಕೇಳಿಸಿತು.

ಕತ್ತಲಾಗುವ ಮುಂಚೆ ಅಜ್ಜಿ ಸುಮನಾಳಿಗೆ ಫೋನು ಮಾಡಿದ್ದಳು. "ನಿನ್ನ ಗಂಡ ಹಾಡ್ಲಿಲ್ಲ, ಬೈದ್ದೇ ಹೌದು. ನಂಗೆ ತಿಳೀದೇ ಇರ್ತದಾ? ಹುಡ್ಗಿ ಎಂತ ಮಾಡಿತ್ತು ಪಾಪ. ಹಾಡು ಅಂತ ತಕಂಡ್ರೆ ಆತಲ್ಲ" ಎಂದಳಂತೆ. ಸುಮನಾ ಇದನ್ನು ಹೇಳಿ, "ಮುಳುಗ್ಸಿದ್ದು ನೀವು, ಎತ್ತಿದ್ದು ಆ ಮುದುಕಿ" ಎಂದು ಅನ್ನ ಬಡಿಸಿದಳು. ನನಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು, ಊಟ ಮುಗಿಯುವವರೆಗೆ ಇತ್ತು.

ಸೋಮವಾರ ಅಂಗಡಿಗೆ ಬಂದವರಿಗೆಲ್ಲ, ಬೀಗರ ಹಾಡು ಎಲ್ಲ ಕಡೆ ಸತ್ತುಹೋಗುತ್ತಿರುವಾಗ ನಮ್ಮ ಕುಟುಂಬದಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟವನು ನಾನೇ ಎಂದು ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೂ ನಂಬಿಕೆ ಬಂತು. ಕಂಪನಿಯ ಮೇಲಿನ ಸಿಟ್ಟು ಇಂದಿಗೂ ಒಂದು ಕೂದಲಿನಷ್ಟೂ ಇಳಿದಿಲ್ಲ. ಅಷ್ಟು ಜನರನ್ನು ಮುಳುಗಿಸಿದ ಆ ಧಣಿಗೆ ರಾತ್ರಿ ನಿದ್ದೆ ಹೇಗೆ ಬರುತ್ತದೋ ಎಂದು ಮಾತ್ರ ಈಗ ಯಾರನ್ನೂ ಕೇಳುವುದಿಲ್ಲ. ಚೆನ್ನಾಗಿಯೇ ಬರುತ್ತದೆ, ನನಗೆ ಬಂದ ಹಾಗೆ.